ನೆಲೆ ಕಾಣುವ ಲೆಕ್ಕ

2025ರ ನವೆಂಬರಿನ ಆರಂಭದಲ್ಲಿ ದೆಹಲಿಯ ವಿಮಾನನಿಲ್ದಾಣಕ್ಕೆ ಇಳಿಯಲು ಬರುತ್ತಿದ್ದ ಕೆಲವು ವಿಮಾನಗಳಿಗೆ ತಾವೆಲ್ಲಿದ್ದೇವೆಂಬುದೇ ತಪ್ಪಾಗಿ ತೋರತೊಡಗಿತೆಂಬ ಸುದ್ದಿಯನ್ನು ವಾಚಕರು ಓದಿರಬಹುದು. ಉಪಗ್ರಹಗಳಿಂದ ಬರುವ ಸಂಕೇತವು ಬಹು ದುರ್ಬಲವಾದುದು. ಅದನ್ನೇ ಹೋಲುವ, ಆದರೆ ಅದಕ್ಕಿಂತ ಬಲವಾದ ಸೋಗಿನ ಸಂಕೇತವೊಂದನ್ನು ನೆಲದಿಂದ ಯಾರಾದರೂ ಬಿಟ್ಟರೆ ವಿಮಾನದ ಯಂತ್ರವು ಅದನ್ನೇ ನಂಬುತ್ತದೆ. ಇಲ್ಲದ ಊರಿನಲ್ಲಿ ಇದ್ದೇನೆಂದು ಧೈರ್ಯವಾಗಿ ಹೇಳುತ್ತದೆ. ಡಿಸೆಂಬರ್ 1ರಂದು ವಿಮಾನಯಾನ ಸಚಿವರು ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ ದೆಹಲಿಯಲ್ಲದೆ ಮುಂಬಯಿ, ಕೋಲ್ಕತ್ತ, ಹೈದರಾಬಾದು, ಅಮೃತಸರ, ಚೆನ್ನೈಗಳ ಹೆಸರೂ ಬಂದವು. ನಮ್ಮ ಬೆಂಗಳೂರಿನ ಹೆಸರೂ ಬಂದಿತು. ಅದಕ್ಕೆ ಮೊದಲೇ, 2023ರ ನವೆಂಬರಿನಿಂದ 2025ರ ಫೆಬ್ರವರಿಯವರೆಗೆ ಗಡಿ ಪ್ರದೇಶದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮುಗಳ ಆಸುಪಾಸಿನಲ್ಲಿ, ಇಂಥ 465 ಪ್ರಸಂಗಗಳು ದಾಖಲಾದುವೆಂದು ಸರ್ಕಾರವೇ ಲೋಕಸಭೆಗೆ ತಿಳಿಸಿತ್ತು. ದೆಹಲಿಯಲ್ಲಿ ಅನಾಹುತವಾಗಲಿಲ್ಲ. ಏಕೆಂದರೆ ನೆಲದ ಮೇಲಿನ ಹಳೆಯ ಮಾರ್ಗದರ್ಶಕ ಯಂತ್ರಗಳನ್ನು ಯಾರೂ ಕಿತ್ತು ಎಸೆದಿರಲಿಲ್ಲ. ಅವನ್ನು ಮುಂದೆಯೂ ಉಳಿಸಿಕೊಂಡೇ ಹೋಗುವೆವೆಂದು ಸಚಿವರು ಹೇಳಿದ್ದು ಆ ಉತ್ತರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಮಾತು.

ಚಿತ್ತಾಪುರದ ತೊಗರಿ ಬೆಳೆಯುವವನಿಗೆ ದೆಹಲಿಯ ವಿಮಾನದಿಂದೇನು ಎಂದು ಕೇಳಬಹುದು. ಹಾಗೆ ಕೇಳುವ ಕಾಲ ಹೋಯಿತು. ವಾಡಿ ಜಂಕ್ಷನ್ನಿನ ಕಟ್ಟೆಯ ಮೇಲೆ ಕುಳಿತ ಪ್ರಯಾಣಿಕ ಈಗ ಸ್ಟೇಷನ್ ಮಾಸ್ತರರನ್ನು ಕೇಳುವುದಿಲ್ಲ. ಗಾಡಿ ಎಲ್ಲಿದೆಯೆಂದು ಕೈಯಲ್ಲಿನ ಫೋನನ್ನು ನೋಡುತ್ತಾನೆ. ರೈಲ್ವೆಯವರು ಇಸ್ರೊ ನೆರವಿನಿಂದ ಸಾವಿರಾರು ಎಂಜಿನ್ನುಗಳಲ್ಲಿ ಇಟ್ಟಿರುವ ಉಪಗ್ರಹ ಸಾಧನಗಳು ಗಾಡಿಯ ನೆಲೆಯನ್ನು ಕ್ಷಣಕ್ಷಣಕ್ಕೂ ಕಳಿಸುತ್ತಿರುತ್ತವೆ. ಸೇಡಂ, ವಾಡಿಗಳಿಂದ ಸಿಮೆಂಟು ಹೊತ್ತು ಹೊರಡುವ ಲಾರಿಗಳ ಚಲನವಲನವನ್ನು ಮಾಲೀಕ ಮನೆಯಲ್ಲೇ ಕುಳಿತು ಕಾಣುತ್ತಾನೆ. ಹೊಲದ ಅಳತೆಗೂ ಈ ವಿದ್ಯೆ ಬಂದಿದೆ. ಮೊದಲು ಭೂಮಾಪಕನು 33 ಅಡಿಯ ಸರಪಳಿಯನ್ನು ಹಿಡಿದು ಬರುತ್ತಿದ್ದ. ಅದಕ್ಕೆ 16 ಆಣೆ. ಸರಪಳಿಯಷ್ಟು ಉದ್ದ, ಸರಪಳಿಯಷ್ಟು ಅಗಲ ಒಂದು ಗುಂಟೆ, ಎಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಈ ಲೆಕ್ಕ ಓದು ಬಾರದ ರೈತನಿಗೂ ಬಾಯಿಗೆ ಬರುತ್ತಿತ್ತು. ಮಾಪಕನು ತಪ್ಪಿದರೆ ಅಲ್ಲೇ ನಿಂತು ಜಗಳವಾಡುತ್ತಿದ್ದ. ಈಗ ರೋವರೆಂಬ ಕೋಲನ್ನು ಬದುವಿನ ಮೇಲೆ ಊರಿದರೆ ಅದು ಉಪಗ್ರಹಗಳೊಡನೆ ಮಾತಾಡಿ ಅಂಕಿಗಳನ್ನು ಹೇಳುತ್ತದೆ. ಅಳತೆ ಬಹು ಸೂಕ್ಷ್ಮವಾದುದೆಂಬುದು ನಿಜ. ಆದರೆ ಆ ಅಂಕಿಯೊಡನೆ ಜಗಳವಾಡಬಲ್ಲ ರೈತನನ್ನು ನಾನು ಇನ್ನೂ ಕಂಡಿಲ್ಲ.

ಇದೇ ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ಕೆಲವು ಮಂದಿ, ನಿವೃತ್ತ ನಾವಿಕರು, ಎಂಜಿನಿಯರರು, ಹಾಯಿದೋಣಿಯ ಹವ್ಯಾಸಿಗಳು, ಒಂದು ವಿಚಿತ್ರವಾದ ಹುಡುಕಾಟದಲ್ಲಿ ತೊಡಗಿದ್ದಾರೆ. 1970ರ ದಶಕದಲ್ಲಿ ಬಂದು, 1980ರ ದಶಕ ಮುಗಿಯುವ ಹೊತ್ತಿಗೆ ಮೂಲೆಗುಂಪಾದ, ವಿಧಿಯನ್ನು ತುಂಬಬಹುದಾಗಿದ್ದ ಕೈ ಗಣನಯಂತ್ರಗಳಿಗಾಗಿ ಆಗ ಬರೆದಿದ್ದ ನೌಕಾಯಾನದ ಲೆಕ್ಕಗಳನ್ನು ಅವರು ಅರಸುತ್ತಿದ್ದಾರೆ. ಯಂತ್ರವೇನೋ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕೀತು. ಅದರೊಳಗೆ ತುಂಬಬೇಕಾದ ವಿಧಿ ಸಿಗುವುದು ಕಷ್ಟ. ಪ್ರೋಗ್ರಾಮು ಎಂದು ಲೋಕರೂಢಿಯಲ್ಲಿ ಕರೆಯುವ ಇದನ್ನು ಕ್ರಮವಿಧಿಯೆಂದು ಕರೆದರೆ ಕನ್ನಡಕ್ಕೂ ಹೊಂದುತ್ತದೆ, ಅರ್ಥಕ್ಕೂ ಹೊಂದುತ್ತದೆ. ಇದನ್ನು ಹಳೆಯ ಅಂಚೆಚೀಟಿ ಕೂಡಿಹಾಕುವಂಥ ಶೋಕಿಯೆಂದು ತಳ್ಳಿಹಾಕುವವರುಂಟು. ಕನ್ನಡ ಪಾಠ ಹೇಳಿಕೊಂಡಿರುವವನು ಈ ವಿಷಯಕ್ಕೆ ಕೈಹಾಕಲು ಕಾರಣವೇ ಬೇರೆ. ಇದು ಯಂತ್ರದ ಪ್ರಶ್ನೆಗಿಂತ ಹೆಚ್ಚಾಗಿ ಪಾಠದ ಪ್ರಶ್ನೆ. ಗ್ರಂಥಸಂಪಾದಕರಿಗೆ ಬಹು ಪರಿಚಿತವಾದ ಪ್ರಶ್ನೆ.

ಮೊದಲು ಯಂತ್ರದ ಮಾತು. 1974ರ ಜನವರಿಯಲ್ಲಿ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯವರು ಎಚ್‌ಪಿ-65 ಎಂಬ ಗಣನಯಂತ್ರವನ್ನು ಹೊರತಂದರು. ಅಂಗೈಯಲ್ಲಿ ಹಿಡಿಯುವಂಥದು, ಬೆಲೆ ಮಾತ್ರ 795 ಡಾಲರು. ಅದರಲ್ಲಿ 100 ಹೆಜ್ಜೆಗಳ ಕ್ರಮವಿಧಿಯನ್ನು ತುಂಬಬಹುದಾಗಿತ್ತು. ತುಂಬಿದ್ದನ್ನು ಬೆರಳುದ್ದದ ಕಾಂತಪಟ್ಟಿಯೊಂದರ ಮೇಲೆ ಬರೆದಿಟ್ಟು ಬೇಕೆಂದಾಗ ಮತ್ತೆ ಯಂತ್ರಕ್ಕೆ ಉಣಿಸಬಹುದಾಗಿತ್ತು. 1975ರಲ್ಲಿ ಬಂದ ಎಚ್‌ಪಿ-25 ಅಗ್ಗದ್ದು. ಅದಕ್ಕೆ 49 ಹೆಜ್ಜೆಗಳಷ್ಟೇ. ಪಟ್ಟಿಯೂ ಇಲ್ಲ, ಯಂತ್ರವನ್ನು ಆರಿಸಿದರೆ ವಿಧಿಯೂ ಆರಿಹೋಗುವುದು, ಪುಸ್ತಕ ನೋಡಿ ಮತ್ತೆ ಒತ್ತಬೇಕು. 1977ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಐ-59, 1979ರಲ್ಲಿ ಎಚ್‌ಪಿ-41ಸಿ ಬಂದುವು. ಇವಕ್ಕೆ ಸಿದ್ಧ ವಿಧಿಗಳ ಪುಟ್ಟ ಗೂಡುಗಳನ್ನು ಹಿಂದಿನಿಂದ ಸಿಕ್ಕಿಸಬಹುದಾಗಿತ್ತು. ಎರಡಕ್ಕೂ ನೌಕಾಯಾನದ ಗೂಡುಗಳಿದ್ದವು. ಇವು ಆಟಿಕೆಗಳಲ್ಲವೆಂಬುದಕ್ಕೆ ಸಾಕ್ಷಿ ಬೇಕಾದರೆ, 1975ರ ಜುಲೈಯಲ್ಲಿ ಅಪೊಲೊ ಮತ್ತು ಸೊಯೂಜ್ ನೌಕೆಗಳು ಆಕಾಶದಲ್ಲಿ ಕೂಡಿದಾಗ, ನೌಕೆಯ ಗಣಕ ಕೈಕೊಟ್ಟರೆ ಪಥವನ್ನು ತಿದ್ದಲು ಅಮೆರಿಕದ ಯಾತ್ರಿಗಳು ಎಚ್‌ಪಿ-65ನ್ನು ಜೊತೆಗೊಯ್ದಿದ್ದರು. 1981ರ ಏಪ್ರಿಲ್‌ನಲ್ಲಿ ಕೊಲಂಬಿಯ ನೌಕೆಯ ಮೊದಲ ಯಾತ್ರೆಯಲ್ಲಿ ಎಚ್‌ಪಿ-41ಸಿ ಇತ್ತು.

ಇಲ್ಲೊಂದು ಸಣ್ಣ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹ್ಯೂಲೆಟ್-ಪ್ಯಾಕರ್ಡ್ ಯಂತ್ರಗಳಲ್ಲಿ ಎರಡು ಮತ್ತು ಮೂರನ್ನು ಕೂಡಬೇಕಾದರೆ ಮೊದಲು ಎರಡನ್ನೂ ಆಮೇಲೆ ಮೂರನ್ನೂ ಕೊಟ್ಟು, ಕಡೆಗೆ ಕೂಡುವ ಗುಂಡಿಯನ್ನು ಒತ್ತಬೇಕು. ಪೋಲೆಂಡಿನ ತರ್ಕಶಾಸ್ತ್ರಜ್ಞ ಲುಕಾಸಿಯೆವಿಚ್ ರೂಪಿಸಿದ ಬರವಣಿಗೆಯನ್ನು ತಿರುಗಿಸಿದ ಕ್ರಮವಿದು. ಇಂಗ್ಲಿಷಿನವರಿಗೆ ಇದು ತಲೆಕೆಳಗಾಗಿ ತೋರುತ್ತದೆಯಂತೆ. ‘ಎರಡನ್ನೂ ಮೂರನ್ನೂ ಕೂಡು’ ಎಂದು ಕ್ರಿಯಾಪದವನ್ನು ಕೊನೆಗಿಟ್ಟು ಮಾತಾಡುವ ಕನ್ನಡಿಗನಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಟೆಕ್ಸಾಸಿನವರ ಯಂತ್ರ ಹೀಗಲ್ಲ. ಅದು ಎರಡು, ಕೂಡು, ಮೂರು ಎಂಬ ಕ್ರಮದ್ದು. ಆದ್ದರಿಂದ ಒಂದಕ್ಕೆ ಬರೆದ ವಿಧಿಯನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿಹಾಕಲು ಬರುವುದಿಲ್ಲ, ಭಾಷಾಂತರವನ್ನೇ ಮಾಡಬೇಕು. ಪದಕ್ಕೆ ಪದವಿಟ್ಟ ಭಾಷಾಂತರದ ಪಾಡು ಎಲ್ಲೆಡೆಯೂ ಒಂದೇ.

ಈ ವಿಧಿಗಳು ಮಾಡುತ್ತಿದ್ದುದೇನು? ಉಪಗ್ರಹಗಳಿಲ್ಲದ ಕಾಲದಲ್ಲಿ ನಾವಿಕನು ಸೆಕ್ಸ್‌ಟೆಂಟೆಂಬ ಕೋನಮಾಪಕದಿಂದ ಸೂರ್ಯನದೋ ನಕ್ಷತ್ರದ್ದೋ ಉನ್ನತಿಯನ್ನು ಅಳೆದು, ಗಡಿಯಾರ ನೋಡಿ, ನಾವಿಕ ಪಂಚಾಂಗವನ್ನು ತೆರೆದು, ಕೋಷ್ಟಕಗಳ ಮೇಲೆ ಕೋಷ್ಟಕ ತಿರುವಿ ತನ್ನ ನೆಲೆಯನ್ನು ಕಾಣುತ್ತಿದ್ದ. ಸೂತ್ರವು ಚಿಕ್ಕದು. ಅಕ್ಷಾಂಶದ ಜ್ಯಾವನ್ನು ಸೂರ್ಯನ ಕ್ರಾಂತಿಯ ಜ್ಯಾದಿಂದ ಗುಣಿಸು. ಅವೆರಡರ ಕೋಟಿಜ್ಯಾಗಳನ್ನೂ ಹೋರಾಕೋನದ ಕೋಟಿಜ್ಯಾವನ್ನೂ ಒಂದಕ್ಕೊಂದು ಗುಣಿಸಿ ಅದಕ್ಕೆ ಕೂಡು. ಬಂದದ್ದು ಉನ್ನತಿಯ ಜ್ಯಾ. ನಾವಿಕನು ಹಡಗು ಇಂಥಲ್ಲಿದೆಯೆಂದು ಊಹಿಸಿ ಈ ಸೂತ್ರದಿಂದ ಉನ್ನತಿಯನ್ನು ಗುಣಿಸುತ್ತಾನೆ. ಗುಣಿಸಿದ್ದಕ್ಕೂ ಅಳೆದದ್ದಕ್ಕೂ ಎಷ್ಟು ಮಿನಿಟು ಅಂತರವೋ ಅಷ್ಟು ನೌಕಾಮೈಲು ಊಹೆ ತಪ್ಪಿದೆ. ಕೋನದ ಒಂದು ಮಿನಿಟಿಗೆ ಒಂದು ನೌಕಾಮೈಲು, ಎಂದರೆ 1852 ಮೀಟರು. ಇದು ಫ್ರೆಂಚ್ ನೌಕಾಧಿಕಾರಿ ಸಾಂತಿಲೇರನು 1875ರಲ್ಲಿ ಪ್ರಚಾರಕ್ಕೆ ತಂದ ಕ್ರಮ. ಗಾಳಿಯಲ್ಲಿ ಕಿರಣ ಬಾಗುವುದರ ತಿದ್ದುಪಡಿ, ಹಡಗಿನ ಕಟ್ಟೆ ಎತ್ತರದಲ್ಲಿರುವುದರ ತಿದ್ದುಪಡಿ ಎಂದೆಲ್ಲ ಸೇರಿ ಒಂದು ಹಾಳೆ ತುಂಬುವ ಈ ಲೆಕ್ಕವನ್ನು ಆ ಪುಟ್ಟ ಯಂತ್ರವು ಕೆಲವು ಕ್ಷಣಗಳಲ್ಲಿ ಮುಗಿಸುತ್ತಿತ್ತು.

ಸಮುದ್ರವನ್ನೇ ಕಾಣದ ಊರಿಗೆ ಇದನ್ನು ಅನ್ವಯಿಸಿ ನೋಡೋಣ. ಸೇಡಂನ ಅಕ್ಷಾಂಶ ಸುಮಾರು 17 ಡಿಗ್ರಿ 11 ಮಿನಿಟು. ರೇಖಾಂಶ ಸುಮಾರು 77 ಡಿಗ್ರಿ 17 ಮಿನಿಟು. ಮೇ 8-9ರ ಸುಮಾರಿಗೆ ಒಮ್ಮೆ, ಆಗಸ್ಟ್ 4ರ ಸುಮಾರಿಗೆ ಮತ್ತೊಮ್ಮೆ, ಅಲ್ಲಿ ನೆಟ್ಟ ಕೋಲಿಗೆ ಮಧ್ಯಾಹ್ನ ನೆರಳಿರುವುದಿಲ್ಲ. ನಮ್ಮ ಗಡಿಯಾರಗಳು ನಡೆಯುವುದು 82 ಡಿಗ್ರಿ 30 ಮಿನಿಟಿನ ರೇಖಾಂಶಕ್ಕೆ ಸರಿಯಾಗಿ. ಸೇಡಂ ಅದರ ಪಶ್ಚಿಮಕ್ಕೆ ಐದು ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿರುವುದರಿಂದ, ಡಿಗ್ರಿಗೆ ನಾಲ್ಕು ಮಿನಿಟಿನಂತೆ, ನಿಜವಾದ ಮಧ್ಯಾಹ್ನವು ಸುಮಾರು 21 ಮಿನಿಟು ತಡವಾಗಿ ಬರಬೇಕು. ಅಷ್ಟೂ ಅಲ್ಲ. ಸೂರ್ಯನು ವರ್ಷವೆಲ್ಲ ಒಂದೇ ಹದದಲ್ಲಿ ನಡೆಯುವವನಲ್ಲ. ಮೇ ತಿಂಗಳಲ್ಲಿ ಮೂರೂವರೆ ಮಿನಿಟು ಮುಂದೆ, ಆಗಸ್ಟಿನ ಆರಂಭದಲ್ಲಿ ಆರು ಮಿನಿಟು ಹಿಂದೆ. ಆದ್ದರಿಂದ ನೆರಳು ಮಾಯವಾಗುವುದು ಮೇ ತಿಂಗಳಲ್ಲಿ 12 ಗಂಟೆ 17 ಮಿನಿಟಿನ ಹೊತ್ತಿಗೆ, ಆಗಸ್ಟಿನಲ್ಲಿ 12 ಗಂಟೆ 27 ಮಿನಿಟಿನ ಹೊತ್ತಿಗೆ. ಒಂದು ಕೋಲು, ಒಂದು ಗಡಿಯಾರ ಇದ್ದರೆ ಯಾವ ಪ್ರೌಢಶಾಲೆಯ ಮಕ್ಕಳೂ ಇದನ್ನು ಅಂಗಳದಲ್ಲೇ ಪರೀಕ್ಷಿಸಬಹುದು.

ಈಗ ಇದನ್ನೇ ಹಿಂದುಮುಂದು ಮಾಡಿ, ನೆರಳಿನಿಂದ ರೇಖಾಂಶವನ್ನು ಕಾಣಹೊರಟೆವೆನ್ನೋಣ. ಗಡಿಯಾರವು 50 ಸೆಕೆಂಡು ಮುಂದಿದ್ದರೆ ಸೇಡಂನಲ್ಲಿ ನಿಂತವನು ಚಿತ್ತಾಪುರದ ರೇಖೆಯ ಮೇಲೆ ಇದ್ದೇನೆಂದು ತಿಳಿಯುತ್ತಾನೆ. 70 ಸೆಕೆಂಡಿಗೆ ವಾಡಿ. 85 ಸೆಕೆಂಡಿಗೆ ಶಹಾಬಾದು. ಅಕ್ಷಾಂಶದಲ್ಲಿ ಡಿಗ್ರಿಯ ಮೂರನೆಯ ಒಂದು ಭಾಗಕ್ಕೂ ಕಡಮೆ, 17 ಮಿನಿಟಿನಷ್ಟು, ಕೋನ ತಪ್ಪಿದರೆ ಚಿಂಚೋಳಿಯ ಸಾಲಿಗೆ ಹೋಗಿಬಿಡುತ್ತಾನೆ. ನೆಲೆಯ ಪ್ರಶ್ನೆಯೆಲ್ಲ ಕಡೆಗೆ ಗಡಿಯಾರದ ಪ್ರಶ್ನೆ. ಉಪಗ್ರಹಗಳ ವಿಷಯದಲ್ಲೂ ಇದು ಹೀಗೆಯೇ ಎಂಬುದನ್ನು ಮುಂದೆ ನೋಡೋಣ.

ಈ ಬಗೆಯ ಗಣನೆ ನಮ್ಮ ಸೀಮೆಗೆ ಹೊಸತಲ್ಲ. ವಿಲಿಯಂ ಲ್ಯಾಂಬ್ಟನ್ನನು ದಕ್ಷಿಣದ ತುದಿಯಿಂದ ತ್ರಿಕೋಣಗಳ ಸರಪಳಿಯನ್ನು ಹೆಣೆಯುತ್ತ ಬಂದು, 1811ರಲ್ಲಿ ಗುತ್ತಿಯ ಬಳಿ ಒಂದು ಆಧಾರರೇಖೆಯನ್ನೂ 1815ರಲ್ಲಿ ಬೀದರಿನ ನೆರೆಯ ದಾಮರಗಿಡ್ಡದಲ್ಲಿ ಇನ್ನೊಂದನ್ನೂ ಅಳೆದನು. ಅವೆರಡರ ನಡುವಿನ ಸರಪಳಿ ಸಾಗಿದ್ದು ಸೇಡಂ, ಚಿಂಚೋಳಿಗಳಿಗೆ ಪೂರ್ವದಲ್ಲಿ, ಬಹು ದೂರವೇನಲ್ಲದ ದಾರಿಯಲ್ಲಿ. ಲ್ಯಾಂಬ್ಟನ್ 1823ರಲ್ಲಿ ಹಿಂಗನಘಾಟಿನಲ್ಲಿ ತೀರಿಕೊಂಡ. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ 1830ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರೇ 18 ಡಿಗ್ರಿ 3 ಮಿನಿಟಿನಿಂದ 24 ಡಿಗ್ರಿ 7 ಮಿನಿಟಿನವರೆಗಿನ ಅಳತೆಯ ವೃತ್ತಾಂತವೆಂದು. ಆ ಮೊದಲ ಅಂಕಿ ದಾಮರಗಿಡ್ಡದ್ದು. ಭೂಮಿಯ ಗಾತ್ರಕ್ಕೆ ಎವರೆಸ್ಟ್ ಕೊಟ್ಟ ಪ್ರಮಾಣವನ್ನೇ ಹಿಡಿದು ಭಾರತದ ನಕ್ಷೆಗಳು ಒಂದೂವರೆ ಶತಮಾನಕ್ಕೂ ಮೀರಿ ನಡೆದುವು. ಇಂದಿನ ಉಪಗ್ರಹಗಳು ಹಿಡಿದಿರುವ ಪ್ರಮಾಣ ಬೇರೆ. ಎವರೆಸ್ಟನ ಭೂಮಿಯ ಅರ್ಧವ್ಯಾಸ ಅದಕ್ಕಿಂತ ಸುಮಾರು 860 ಮೀಟರು ಕಡಮೆ. ಎರಡರ ಕೇಂದ್ರವೂ ಒಂದೇ ಕಡೆ ಇಲ್ಲ. ಇದರಿಂದ ಹಳೆಯ ನಕ್ಷೆಯಲ್ಲಿ ಓದಿದ ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ಇಂದಿನ ಯಂತ್ರಕ್ಕೆ ಕೊಟ್ಟರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಮೀರಿದ ವ್ಯತ್ಯಾಸ ಬರುತ್ತದೆ. ಫರಸಿ ಕಲ್ಲಿನ ಗಣಿಯ ಎಲ್ಲೆಯ ವಿವಾದದಲ್ಲಿ ನೂರು ಮೀಟರು ಸಣ್ಣ ಮಾತಲ್ಲವೆಂಬುದನ್ನು ಶಹಾಬಾದಿನವರಿಗೆ ನಾನು ಹೇಳಬೇಕಾಗಿಲ್ಲ.

ಹಳೆಯ ಕ್ರಮವಿಧಿಗಳನ್ನು ಹುಡುಕುವವರಿಗೆ ಎದುರಾಗುವ ತೊಡಕೂ ಇದೇ ಜಾತಿಯದು. ವಿಧಿಯ ಒಳಗೆ ಅಂಕಿಗಳು ಕುಳಿತಿರುತ್ತವೆ. ಅವು ಯಾವ ಕಾಲದವು, ಯಾವ ಪ್ರಮಾಣದವು ಎಂಬುದನ್ನು ಯಂತ್ರವು ಹೇಳುವುದಿಲ್ಲ.

ಮೊದಲು ಅವು ಸಿಗುವ ಬಗೆಯನ್ನು ನೋಡೋಣ. ಕಾಂತಪಟ್ಟಿಗಳಲ್ಲಿ ಬರೆದದ್ದು ಐವತ್ತು ವರ್ಷಗಳಲ್ಲಿ ಮಸುಕಾಗುತ್ತದೆ. ಪಟ್ಟಿ ಚೆನ್ನಾಗಿದ್ದರೂ ಅದನ್ನು ಎಳೆದುಕೊಳ್ಳುವ ರಬ್ಬರಿನ ಪುಟ್ಟ ಉರುಳೆಯು ಹಳತಾಗಿ ಬೆಲ್ಲದ ಪಾಕದಂತೆ ಕರಗಿ ಅಂಟಾಗಿರುತ್ತದೆ. ಅದನ್ನು ಕೆರೆದು ಹೊಸ ಉರುಳೆ ಹಾಕುವ ಕುಶಲಿಗಳು ಕೆಲವರಿದ್ದಾರೆ. ಗೂಡುಗಳು ಹೆಚ್ಚು ಕಾಲ ಬಾಳುತ್ತವೆ. ಇವೆಲ್ಲಕ್ಕಿಂತ ಗಟ್ಟಿಯಾಗಿ ಉಳಿದಿರುವುದು ಯಾವುದೆಂದರೆ ಕಾಗದ. ಕೈಪಿಡಿಗಳ ಕೊನೆಯಲ್ಲಿ ಒಂದೊಂದೇ ಹೆಜ್ಜೆಯಾಗಿ ಅಚ್ಚುಮಾಡಿದ ಪಟ್ಟಿಗಳು, 1974ರಲ್ಲಿ ರಿಚರ್ಡ್ ನೆಲ್ಸನ್ ಎಂಬವರು ಎಚ್‌ಪಿ-65ರ ಬಳಕೆದಾರರಿಗಾಗಿ ಕಟ್ಟಿದ ಕೂಟದ ಪತ್ರಿಕೆಗಳು, ಎಚ್‌ಪಿ-41ಕ್ಕಾಗಿ ಕಪ್ಪು ಗೆರೆಗಳ ಸಾಲಾಗಿ ಮುದ್ರಿಸಿದ ವಿಧಿಗಳು ಉಳಿದಿವೆ. ಆ ಗೆರೆಗಳ ಮೇಲೆ ಬೆಳಕಿನ ಕಡ್ಡಿಯೊಂದನ್ನು ಎಳೆದರೆ ಯಂತ್ರವು ಓದಿಕೊಳ್ಳುತ್ತಿತ್ತು. ಕಾಂತ ಹೋಯಿತು, ರಬ್ಬರು ಹೋಯಿತು, ಮಸಿ ಉಳಿಯಿತು. ಈಗ ಹಳೆಯ ಯಂತ್ರಗಳ ನಡೆಯನ್ನೇ ಅನುಕರಿಸುವ ತಂತ್ರಾಂಶಗಳು ಫೋನಿನಲ್ಲೂ ಸಿಗುತ್ತವೆ. ತಾಮಸ್ ಓಕನ್ ಎಂಬವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಫ್ರೀ-42 ಅಂಥದು. ಆದ್ದರಿಂದ ಪಟ್ಟಿಯೊಂದು ದೊರೆತರೆ ಯಂತ್ರವಿಲ್ಲದೆಯೂ ಅದನ್ನು ನಡೆಸಿ ನೋಡಬಹುದು.

ಆದರೆ ದೊರೆತ ಪಟ್ಟಿಯೇ ಶುದ್ಧಪಾಠವೆಂದು ಹೇಗೆ ತಿಳಿಯುವುದು? ನೂರು ಹೆಜ್ಜೆಗಳಲ್ಲಿ ಒಂದು ಹೆಜ್ಜೆ ಬಿಟ್ಟುಹೋದರೆ, ಒಂದು ಅಂಕಿ ಅದಲುಬದಲಾದರೆ ಯಂತ್ರವು ಕೆಟ್ಟು ನಿಲ್ಲುವುದಿಲ್ಲ; ಉತ್ತರವನ್ನು ಕೊಡುತ್ತದೆ; ತಪ್ಪು ಉತ್ತರವನ್ನು ಅಷ್ಟೇ ಠೀವಿಯಿಂದ ಕೊಡುತ್ತದೆ. ಓಲೆಗರಿಯಲ್ಲಿ ಲಿಪಿಕಾರನು ಒಂದು ಅಕ್ಷರ ತಪ್ಪಿದರೆ ಛಂದಸ್ಸು ಕೆಟ್ಟು ಸಂಪಾದಕನನ್ನು ಎಚ್ಚರಿಸುವುದುಂಟು. ಇಲ್ಲಿ ಆ ಕಾವಲೂ ಇಲ್ಲ. ಇರುವ ಕಾವಲು ಒಂದೇ: ಕೈಪಿಡಿಯಲ್ಲಿ ವಿಧಿಯ ಕೆಳಗೆ ಬಿಡಿಸಿ ತೋರಿಸಿದ ಉದಾಹರಣೆ. ಇಂಥ ದಿನ, ಇಂಥ ಹೊತ್ತು, ಇಂಥ ಉನ್ನತಿ, ಉತ್ತರ ಇಷ್ಟು. ನಮ್ಮ ಪ್ರತಿಯಲ್ಲಿ ಅದೇ ಉತ್ತರ ಬಂದರೆ ಪಾಠ ಸರಿಯೆಂದು ತಕ್ಕಮಟ್ಟಿಗೆ ನಂಬಬಹುದು.

ಇದನ್ನು ಓದುವಾಗ ಸೇಡಂ ತಾಲೂಕಿನವರೇ ಆದ ಒಬ್ಬ ಅರಸರ ಕಾಲ ನೆನಪಾಗದಿರದು. ಕಾಗಿಣಾ ನದಿಯ ದಂಡೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನವೆಂದರೆ ನಾವು ಕನ್ನಡ ಮೇಷ್ಟರುಗಳು ‘ಕವಿರಾಜಮಾರ್ಗ’ವನ್ನು ನೆನೆದು ಸುಮ್ಮನಾಗುತ್ತೇವೆ. ಅದೇ ಒಂಬತ್ತನೆಯ ಶತಮಾನದಲ್ಲಿ, ಅದೇ ಅರಸನನ್ನು ಗ್ರಂಥಾರಂಭದಲ್ಲಿ ಕೊಂಡಾಡಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಅದರ ನೆರಳಿನ ಅಧ್ಯಾಯವು ಶಂಕುವಿನ ನೆರಳಿನಿಂದ ಹೊತ್ತನ್ನು ಕಾಣುವ ಬಗೆಯನ್ನೂ ಹೇಳುತ್ತದೆ. ಆ ಗ್ರಂಥದ ಕಟ್ಟಡವನ್ನು ಗಮನಿಸಬೇಕು. ಮೊದಲು ಸೂತ್ರ, ಅದರ ಬೆನ್ನಿಗೇ ಉದ್ದೇಶಕ, ಎಂದರೆ ಬಿಡಿಸಬೇಕಾದ ಲೆಕ್ಕ. ಸೂತ್ರವು ಬಿಗಿಯಾದುದರಿಂದ ಒಂದು ಪದ ಸಡಿಲಿದರೂ ಅರ್ಥ ಕೆಡುತ್ತದೆ. ಉದ್ದೇಶಕವಿದ್ದರೆ ಕೆಟ್ಟದ್ದನ್ನು ತಿದ್ದಿಕೊಳ್ಳಬಹುದು. ಮದರಾಸಿನ ಪ್ರೊ. ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅಚ್ಚುಹಾಕಿಸಿದರು. ಅವರು ಹೋಲಿಸಿ ನೋಡಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದುವು. ಸಾವಿರ ವರ್ಷಗಳ ಮೇಲೆಯೂ ಆ ಲೆಕ್ಕಗಳು ನಮಗೆ ನಡೆಯುತ್ತಿರುವುದಕ್ಕೆ ಕಾರಣ ಲಿಪಿಕಾರರ ಶ್ರಮವೆಷ್ಟೋ ಉದ್ದೇಶಕಗಳೂ ಅಷ್ಟೇ. ಕೇವಲ ಹೆಜ್ಜೆಗಳ ಪಟ್ಟಿಯನ್ನು ಉಳಿಸಿ ಉದಾಹರಣೆಯ ಪುಟವನ್ನು ಹರಿದೊಗೆದ ಗಣನಯಂತ್ರದ ವಿಧಿಯು ಟೀಕೆಯಿಲ್ಲದ ಸೂತ್ರದಂತೆ. ಮುಂದೆ ಯಾರಿಗೂ ದಕ್ಕದು.

ಕಾಲದ ಅಂಕಿಗಳ ಮಾತಿಗೆ ಬರೋಣ. ಕೆಲವು ವಿಧಿಗಳು ಪಂಚಾಂಗವನ್ನೇ ತಮ್ಮೊಳಗೆ ಇಟ್ಟುಕೊಂಡಿದ್ದುವು. ತಾರೀಖು ಕೊಟ್ಟರೆ ಸೂರ್ಯನ ಕ್ರಾಂತಿಯನ್ನು ತಾವೇ ಗುಣಿಸುತ್ತಿದ್ದುವು. ಹೀಗೆ ಗುಣಿಸಲು ಬಳಸಿದ ಸಂಕ್ಷೇಪಗಳು ಕೆಲವು ದಶಕಗಳಿಗೆ ಮಾತ್ರ ಸರಿಬರುವಂಥವು; ನಕ್ಷತ್ರಗಳ ಸ್ಥಾನವನ್ನು ಆ ದಶಕದ್ದೆಂದೇ ಬರೆದಿಟ್ಟಿದ್ದರೆ ಅಯನಚಲನದಿಂದ ಅದು ಸರಿದುಹೋಗಿರುತ್ತದೆ. ಮತ್ತೊಂದು ವಿಷಯ ಇನ್ನೂ ಸೂಕ್ಷ್ಮವಾದುದು. ಭೂಮಿ ತಿರುಗುವ ಗತಿ ಏರುಪೇರಾಗುವುದರಿಂದ, ಗಡಿಯಾರವನ್ನು ಅದರೊಡನೆ ಹೊಂದಿಸಲು 1972ರಿಂದ ಆಗಾಗ ಒಂದೊಂದು ಅಧಿಕ ಸೆಕೆಂಡನ್ನು ಸೇರಿಸುತ್ತ ಬಂದಿದ್ದಾರೆ. ಇದುವರೆಗೆ 27 ಸೇರಿವೆ. ಕಡೆಯದು 2016ರ ಡಿಸೆಂಬರ್ 31ರದು. ನಮ್ಮ ಅಧಿಕಮಾಸದ ತಮ್ಮನೆನ್ನಬಹುದಾದ ಈ ಪದ್ಧತಿಯನ್ನು 2035ರೊಳಗೆ ಕೈಬಿಡಬೇಕೆಂದು ಅಳತೆ-ತೂಕಗಳ ಅಂತರರಾಷ್ಟ್ರೀಯ ಸಮ್ಮೇಳನವು 2022ರಲ್ಲಿ ನಿರ್ಣಯಿಸಿತು. ಸೂರ್ಯನೊಡನೆ ಗಡಿಯಾರ ಒಂದು ಸೆಕೆಂಡಿನೊಳಗೇ ಇರುತ್ತದೆಂಬ ನಂಬಿಕೆಯ ಮೇಲೆ ಬರೆದ ಹಳೆಯ ವಿಧಿಗಳೆಲ್ಲ ಆಮೇಲೆ ನಿಧಾನವಾಗಿ ಜಾರತೊಡಗುತ್ತವೆ. ವಿಷುವದ್ರೇಖೆಯ ಮೇಲೆ ಸೆಕೆಂಡಿಗೆ ಕಾಲು ನೌಕಾಮೈಲು. ವಿಧಿಯ ಜೊತೆಗೆ ಅದರ ನಂಬಿಕೆಗಳನ್ನೂ ಬರೆದಿಟ್ಟಿದ್ದರೆ ತಿದ್ದುವುದು ಸುಲಭ. ಇಲ್ಲದಿದ್ದರೆ ತಪ್ಪಿದೆಯೆಂಬುದೇ ಗೊತ್ತಾಗದು.

ಗಡಿಯಾರಕ್ಕೆ ಮತ್ತೆ ಬರುತ್ತೇನೆಂದು ಹೇಳಿದ್ದೆ. ಬೇರೆ ದೇಶದ ಉಪಗ್ರಹಗಳನ್ನೇ ನಂಬಿರಬಾರದೆಂದು ನಮ್ಮ ಇಸ್ರೊ ಸಂಸ್ಥೆಯವರು 2013ರ ಜುಲೈ 1ರಿಂದ ಸ್ವಂತದ ಸ್ಥಾನನಿರ್ಣಯ ಉಪಗ್ರಹಗಳನ್ನು ಹಾರಿಸತೊಡಗಿದರು. 2016ರಲ್ಲಿ ಆ ವ್ಯವಸ್ಥೆಗೆ ನಾವಿಕ್ ಎಂಬ ಹೆಸರಾಯಿತು. ಅದರ ಕಾಲಗಣನೆಯ ಕೇಂದ್ರ ಬೆಂಗಳೂರಿಗೆ ಸಮೀಪದ ಬ್ಯಾಲಾಳಿನಲ್ಲಿದೆ. ಉಪಗ್ರಹಗಳನ್ನು ಅಂಕೆಯಲ್ಲಿಡುವ ಕೇಂದ್ರ ಹಾಸನದಲ್ಲಿದೆ. ಉಪಗ್ರಹದ ಸಂಕೇತವೆಂದರೆ ಬೇರೇನೂ ಅಲ್ಲ, ‘ಈಗ ಇಷ್ಟು ಹೊತ್ತು’ ಎಂಬ ಸಾರಣೆ. ಅದು ನಮ್ಮನ್ನು ತಲುಪಲು ಎಷ್ಟು ತಡವಾಯಿತೆಂಬುದರಿಂದ ದೂರವೂ, ನಾಲ್ಕು ಉಪಗ್ರಹಗಳ ದೂರದಿಂದ ನೆಲೆಯೂ ತಿಳಿಯುತ್ತದೆ. ಬೆಳಕು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ 300 ಮೀಟರು ಓಡುವುದರಿಂದ ಗಡಿಯಾರ ಅಷ್ಟು ತಪ್ಪಿದರೂ ಲೆಕ್ಕ ಕೆಟ್ಟಿತು. ನಾವಿಕ್ ಎಡವಿದ್ದೂ ಇಲ್ಲಿಯೇ. ಮೊದಲ ಉಪಗ್ರಹದಲ್ಲಿ ಹೊರದೇಶದಿಂದ ತರಿಸಿ ಕೂರಿಸಿದ್ದ ಮೂರು ಪರಮಾಣು ಗಡಿಯಾರಗಳೂ ಕೆಟ್ಟುವು. ಮತ್ತೆ ಕೆಲವು ಉಪಗ್ರಹಗಳಲ್ಲೂ ಗಡಿಯಾರಗಳು ನಿಂತುವು. 2017ರಲ್ಲಿ ಬದಲಿ ಉಪಗ್ರಹವೊಂದು ಹೊದಿಕೆ ಕಳಚದೆ ವ್ಯರ್ಥವಾಯಿತು. 2023ರ ಮೇ 29ರಂದು ಏರಿದ ಉಪಗ್ರಹದಲ್ಲಿ ಮೊದಲ ಬಾರಿಗೆ ನಮ್ಮವರೇ ಮಾಡಿದ ಪರಮಾಣು ಗಡಿಯಾರವಿತ್ತು. 2025ರ ಜನವರಿ 29ರಂದು, ಶ್ರೀಹರಿಕೋಟದ ನೂರನೆಯ ಉಡಾವಣೆಯಲ್ಲಿ, ಅದರ ತಮ್ಮನನ್ನು ಕಳಿಸಿದರು. ಅದು ತನ್ನ ಕಕ್ಷೆಯನ್ನು ಸೇರಲಾರದೆ ಹೋಯಿತು. ಹಾರಿಸಿದ 11ರಲ್ಲಿ ಸ್ಥಾನನಿರ್ಣಯದ ಕೆಲಸಕ್ಕೆ ಒದಗುತ್ತಿರುವುವು ನಾಲ್ಕೆಂದು 2025ರ ಜುಲೈಯಲ್ಲಿ ಸರ್ಕಾರವು ಸಂಸತ್ತಿಗೆ ಹೇಳಿತು. ಬೇಕಾದ ಕನಿಷ್ಠ ಸಂಖ್ಯೆಯೂ ನಾಲ್ಕೇ.

ಹಾಗೆಂದು ನಾನು ಇಸ್ರೊ ಸಂಸ್ಥೆಯನ್ನು ಹೀಗಳೆಯುತ್ತಿಲ್ಲ. ಇಷ್ಟು ಎಡವಿದ ಮೇಲೂ ಸ್ವಂತ ಗಡಿಯಾರವನ್ನೇ ಕಟ್ಟಿದ್ದು ಸಾಮಾನ್ಯ ಸಾಹಸವಲ್ಲ. ಹಳೆಯ ಗಣನಯಂತ್ರವು ಉಪಗ್ರಹದ ಸ್ಥಾನವನ್ನು ತುಂಬೀತೆಂಬ ಭ್ರಮೆಯೂ ನನಗಿಲ್ಲ. ಕುಶಲನಾದ ನಾವಿಕನು ಸೆಕ್ಸ್‌ಟೆಂಟಿನಿಂದ ಕಾಣುವ ನೆಲೆ ಒಂದೆರಡು ನೌಕಾಮೈಲಿನೊಳಗೆ ಸರಿಯಿರುತ್ತದೆ. ಕಡಲಿನ ನಡುವೆ ಅದು ಸಾಕು. ವಿಮಾನವನ್ನು ಇಳಿಸಲು ಸಾಲದು. ಚಿಂಚೋಳಿಯ ಹೊಲದ ಬದುವನ್ನು ಗುರುತಿಸುವುದಕ್ಕಂತೂ ನಗೆಪಾಟಲು. ಮೋಡ ಮುಚ್ಚಿದರೆ ಅದೂ ಇಲ್ಲ. ಈ ಹುಡುಕಾಟವನ್ನು ಹಿಂದಿನ ಕಾಲವೇ ಚೆನ್ನಿತ್ತೆಂಬ ಹಳಹಳಿಕೆಯೊಡನೆ ಬೆರೆಸುವವರ ಪಕ್ಷದಲ್ಲಿ ನಾನಿಲ್ಲ.

ಅದರ ಬೆಲೆ ಇರುವುದು ಸಾಕ್ಷಿಯಾಗಿ. ಸೋಗಿನ ಸಂಕೇತವು ಹಡಗನ್ನು ನೂರು ಮೈಲು ಆಚೆ ತೋರಿಸಿದಾಗ, ಅದು ಸುಳ್ಳೆಂದು ಹೇಳಲು ಒಂದೆರಡು ಮೈಲಿನ ಸತ್ಯ ಧಾರಾಳವಾಗಿ ಸಾಕು. ಅಮೆರಿಕದ ನೌಕಾ ಅಕಾಡೆಮಿಯವರು 1990ರ ದಶಕದ ಕೊನೆಯಲ್ಲಿ ಕೈಬಿಟ್ಟಿದ್ದ ನಕ್ಷತ್ರಗಳ ಪಾಠವನ್ನು 2015ರಲ್ಲಿ ಮತ್ತೆ ಶುರುಮಾಡಿದ್ದು ಈ ಕಾರಣಕ್ಕೇ. ಹಡಗಿನ ಅಧಿಕಾರಿಗಳಾಗುವವರು ಆಕಾಶವನ್ನು ನೋಡಿ ನೆಲೆ ಕಾಣಬಲ್ಲವರಾಗಿರಬೇಕೆಂದು ಅಂತರರಾಷ್ಟ್ರೀಯ ನಿಯಮ ಇಂದಿಗೂ ಹೇಳುತ್ತದೆ. ನಮ್ಮ ಅಭಿಲಾಷ್ ಟೋಮಿಯವರು ಉಪಗ್ರಹದ ನೆರವು ನಿಷಿದ್ಧವಾಗಿದ್ದ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಸೆಕ್ಸ್‌ಟೆಂಟನ್ನೇ ನಂಬಿ ಭೂಮಿಯನ್ನು ಸುತ್ತಿ, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಸೇರಿದರು.

49 ಹೆಜ್ಜೆಗಳ ವಿಧಿಗೆ ಇನ್ನೊಂದು ಗುಣವುಂಟು: ಅದನ್ನು ಮನುಷ್ಯನೊಬ್ಬನು ಪೂರ್ತಿಯಾಗಿ ಓದಬಲ್ಲ. ಒಂದು ಮಧ್ಯಾಹ್ನ ಕುಳಿತರೆ ಪ್ರತಿಯೊಂದು ಹೆಜ್ಜೆ ಏಕಿದೆಯೆಂದು ಪದವಿ ತರಗತಿಯ ವಿದ್ಯಾರ್ಥಿಯೂ ತಿಳಿಯಬಲ್ಲ. ರೋವರಿನ ಒಳಗಿರುವುದನ್ನು ಹಾಗೆ ಓದಬಲ್ಲವರು ಯಾರು? 33 ಅಡಿಯ ಸರಪಳಿಯೊಡನೆ ಜಗಳವಾಡಬಲ್ಲವನಾಗಿದ್ದ ರೈತನ ಮಾತನ್ನು ನಾನು ಎತ್ತಿದ್ದು ಇದಕ್ಕಾಗಿಯೇ. ಗಣಿತದ ಅಧ್ಯಾಪಕರು ಇಂಥ ಹಳೆಯ ವಿಧಿಯೊಂದನ್ನು ಫೋನಿನ ಅನುಕರಣ ಯಂತ್ರದಲ್ಲಿ ತುಂಬಿಸಿ, ಮೇ ತಿಂಗಳ ಬಿಸಿಲಿನಲ್ಲಿ ಕೋಲು ನೆಟ್ಟು ಸೇಡಂನ ನೆಲೆಯನ್ನು ವಿದ್ಯಾರ್ಥಿಗಳಿಂದಲೇ ಕಾಣಿಸಿದರೆ ತ್ರಿಕೋಣಮಿತಿಯ ಒಂದು ವರ್ಷದ ಪಾಠ ಒಂದು ದಿನದಲ್ಲಿ ಮನಸ್ಸಿಗಿಳಿಯುತ್ತದೆ.

ಅದಕ್ಕೆ ಮೊದಲು ಸಾಮಗ್ರಿ ಕೈಗೆ ಬರಬೇಕು. ಎಂಜಿನಿಯರಿಂಗ್ ಕಾಲೇಜುಗಳ ಉಗ್ರಾಣಗಳಲ್ಲಿ, ಸರ್ವೆ ಕಚೇರಿಗಳ ಕಪಾಟುಗಳಲ್ಲಿ, ಹಡಗಿನಲ್ಲೋ ಗಣಿಯಲ್ಲೋ ದುಡಿದು ನಿವೃತ್ತರಾದವರ ಮನೆಯ ಅಟ್ಟಗಳಲ್ಲಿ ಇಂಥ ಯಂತ್ರವೋ, ಅದಕ್ಕಿಂತ ಮುಖ್ಯವಾಗಿ ಅದರ ಕೈಪಿಡಿಯೋ ಇದ್ದೀತು. ರದ್ದಿಯವನ ತಕ್ಕಡಿಗೆ ಬೀಳುವ ಮೊದಲು ಅದನ್ನು ಎತ್ತಿಡಬೇಕು. ಎತ್ತಿಟ್ಟವರು ಯಂತ್ರದ ಹೆಸರನ್ನೂ ಅಚ್ಚಾದ ವರ್ಷವನ್ನೂ ಬರೆದುಕೊಳ್ಳಲಿ. ಉದಾಹರಣೆಯ ಪುಟವನ್ನು ಬಿಡದಿರಲಿ. ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಗೀಚಿದ ತಿದ್ದುಪಡಿಯನ್ನು ಅಳಿಸದಿರಲಿ, ಬಹುಶಃ ಸರಿಯಾದ ಪಾಠ ಅಲ್ಲೇ ಇದ್ದೀತು. ಯಂತ್ರಕ್ಕೆ ಸೇರಿಸಿದ ಮುದ್ರಕದಿಂದ ಬಂದ ಉದ್ದನೆಯ ಕಾಗದದ ಸುರುಳಿಗಳು ಸಿಕ್ಕರೆ ಅವನ್ನು ಅಂದೇ ಚಿತ್ರ ತೆಗೆದಿಡಬೇಕು. ಆ ಕಾಗದದಲ್ಲಿ ಮಸಿಯಿಲ್ಲ, ಅಕ್ಷರಗಳು ಮೂಡಿದ್ದು ಶಾಖದಿಂದ. ನಮ್ಮ ಬೇಸಗೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಬಿಟ್ಟರೆ ಹಾಳೆಯೆಲ್ಲ ಕಪ್ಪಾಗುತ್ತದೆ, ಬೆಳಕಿಗಿಟ್ಟರೆ ಬರಹವೆಲ್ಲ ಬಿಳಿಚಿಕೊಳ್ಳುತ್ತದೆ.